ಬೆಲ್ಲದ ಸ್ಯಾಂಪಲ್ ಫೇಲಾದರೆ ದಂಡ ಎಷ್ಟು?

ಮಂಡ್ಯ ಸುತ್ತಮುತ್ತ ಆಲೆಮನೆ ನಡೆಸುವವರು, ಬೆಲ್ಲ ಪ್ಯಾಕ್ ಮಾಡಿ ಮಾರುವವರು ನನ್ನಂಥ ವಕೀಲರ ಹತ್ತಿರ ಬರುವುದು ತಡವಾಗಿಯೇ. ಅಷ್ಟು ಹೊತ್ತಿಗೆ ಅಪರ ಜಿಲ್ಲಾಧಿಕಾರಿ ಕಚೇರಿಯ ನೋಟಿಸ್ ಕೈಯಲ್ಲಿರುತ್ತದೆ. "ಸಾರ್, ಐದು ಲಕ್ಷ ಅಂತಿದೆ. ಜೈಲಿಗೂ ಹಾಕ್ತಾರಾ?" ಅಂತ ಗಾಬರಿಯಲ್ಲಿ ಕೇಳುತ್ತಾರೆ. ನನಗೆ ಬೇಕಾಗಿರುವುದು ಬೇರೆ: ಲ್ಯಾಬ್ ರಿಪೋರ್ಟ್ ಅವರ ಕೈಗೆ ಸಿಕ್ಕಿದ್ದು ಯಾವತ್ತು?

ಮೊದಲು ಜೈಲಿನ ಮಾತು ಮುಗಿಸೋಣ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಎರಡು ದಾರಿಗಳಿವೆ. ಗಟ್ಟಿ ಬೆಲ್ಲದಲ್ಲಿ ತೇವಾಂಶ ಶೇ 10 ದಾಟಿದೆ ಅನ್ನಿ, ಅದು ಕಳಪೆ ಗುಣಮಟ್ಟ. 5 ಲಕ್ಷದವರೆಗೆ ದಂಡ. ಲೇಬಲ್ ತಪ್ಪಿದ್ದರೆ 3 ಲಕ್ಷದವರೆಗೆ, ಆಲೆಮನೆ ಗಲೀಜಾಗಿದ್ದರೆ 1 ಲಕ್ಷದವರೆಗೆ. ಇವನ್ನೆಲ್ಲ ತೀರ್ಮಾನಿಸುವುದು ಅಪರ ಜಿಲ್ಲಾಧಿಕಾರಿ. ಇಲ್ಲಿ ಜೈಲಿಲ್ಲ. ರಿಪೋರ್ಟಿನಲ್ಲಿ 'ಅಸುರಕ್ಷಿತ' ಅಂತ ಬಂದರೆ ದಾರಿಯೇ ಬೇರೆ. ಆಗ ಕೇಸು ಕೋರ್ಟಿಗೆ ಹೋಗುತ್ತದೆ, ಜೈಲೂ ಆಗಬಹುದು. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು. ಬಿಳಿ ಬೆಲ್ಲವೇ ಬೇಕು ಅಂತ ಹಟ ಹಿಡಿಯುವ ಗಿರಾಕಿಗೆ ಮಾತ್ರ ಯಾವ ನೋಟಿಸೂ ಬರಲ್ಲ, ಬಿಡಿ.

ಕೇಸಿನ ಅರ್ಧ ಭವಿಷ್ಯ ಸ್ಯಾಂಪಲ್ ತೆಗೆಯುವ ದಿನವೇ ನಿರ್ಧಾರವಾಗುತ್ತದೆ. ಆಹಾರ ಸುರಕ್ಷತಾ ಅಧಿಕಾರಿ ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಎರಡು ಅಂಕಿತಾಧಿಕಾರಿಯ (ಆಹಾರ ಸುರಕ್ಷತಾ ಅಧಿಕಾರಿಯ ಮೇಲಧಿಕಾರಿ) ಬಳಿ ಉಳಿಯುತ್ತವೆ. ನಾಲ್ಕನೆಯದನ್ನು ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಬಾಯಲ್ಲಿ ಹೇಳಿದರೆ ಸಾಲದು, ಅಲ್ಲೇ ಬರೆದುಕೊಡಿ. ಎರಡು ರಿಪೋರ್ಟ್‌ಗಳು ತಾಳೆಯಾಗದಿದ್ದರೆ ರೆಫರಲ್ ಲ್ಯಾಬ್, ಅಂದರೆ ಮರುಪರೀಕ್ಷೆಯ ಉನ್ನತ ಲ್ಯಾಬ್, ಹೇಳಿದ್ದೇ ಕೊನೆ. ಆದರೆ ನಾನು ನೋಡಿದ ಫೈಲುಗಳಲ್ಲಿ ಹಾಗೆ ಕೇಳಿದವರು ತೀರಾ ಅಪರೂಪ. ತೋರಿಸಿದ ಕಡೆಯೆಲ್ಲ ಸಹಿ ಹಾಕಿ, "ಹೋದ್ರೆ ಸಾಕಪ್ಪ" ಅಂತ ಸುಮ್ನಾಗಿಬಿಡುತ್ತಾರೆ.

ವಿಶ್ಲೇಷಕರ ರಿಪೋರ್ಟ್ ಒಪ್ಪಿಗೆಯಿಲ್ಲವಾದರೆ, ಅದು ಕೈಗೆ ಬಂದ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಕೊಡಬೇಕು. ನಾನು ಮೊದಲು ತಾರೀಖು ಕೇಳುವುದು ಇದಕ್ಕೇ. ಅವರಿಗೆ ಸರಿ ಅನ್ನಿಸಿದರೆ ತಮ್ಮ ಬಳಿ ಇಟ್ಟುಕೊಂಡ ಭಾಗವನ್ನು ರೆಫರಲ್ ಲ್ಯಾಬಿಗೆ ಕಳಿಸುತ್ತಾರೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕೂಡ ಅಂಥದ್ದೊಂದು ಲ್ಯಾಬ್. ಆ 30 ದಿನ ಕಳೆದ ಮೇಲೆ ಅಪರ ಜಿಲ್ಲಾಧಿಕಾರಿ ಮುಂದೆ "ಲ್ಯಾಬ್‌ದೇ ತಪ್ಪು" ಅಂದರೆ ಕೇಳಿಸಿಕೊಳ್ಳುವವರು ಕಡಿಮೆ.

5 ಲಕ್ಷ ಅನ್ನುವುದು ಮೇಲ್ಮಿತಿ, ರೇಟಲ್ಲ. ತಪ್ಪಿನಿಂದ ನಿಮಗೆಷ್ಟು ಲಾಭವಾಯಿತು, ಬೇರೆಯವರಿಗೆಷ್ಟು ನಷ್ಟ, ಹಿಂದೆಯೂ ಹೀಗೆ ಮಾಡಿದ್ದಿರಾ, ಗೊತ್ತಿಲ್ಲದೆ ಆಯಿತಾ ಅನ್ನುವುದನ್ನು ನೋಡಿಯೇ ದಂಡ ಹಾಕಬೇಕು ಅಂತ 49ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ವಿಚಾರಣೆಗೆ ಕೈಬೀಸಿಕೊಂಡು ಹೋಗಬೇಡಿ. ಆ ಬ್ಯಾಚಿನ ಬಿಲ್ಲು, ಎಷ್ಟು ಕೆಜಿ ಮಾರಾಟವಾಯಿತು ಅನ್ನುವ ಲೆಕ್ಕ, ಆಮೇಲೆ ಸರಿಪಡಿಸಿದ್ದಕ್ಕೆ ಹೊಸ ರಿಪೋರ್ಟ್ ಜೊತೆಗಿರಲಿ. ಗೈರಾದರೆ ನಿಮ್ಮ ಪರವಾಗಿ ಫೈಲಿನಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಸಣ್ಣ ತಯಾರಕರು, ಚಿಲ್ಲರೆ ಅಂಗಡಿಯವರು, ತಳ್ಳುಗಾಡಿಯವರಿಗೆ ಇನ್ನೊಂದು ಅವಕಾಶವಿದೆ: ಜೈಲು ಶಿಕ್ಷೆಯ ಅಪರಾಧವಲ್ಲದಿದ್ದರೆ, 1 ಲಕ್ಷ ಮೀರದ ಮೊತ್ತ ಕಟ್ಟಿ ರಾಜಿ ಮಾಡಿಕೊಳ್ಳಬಹುದು.

ಅಪರ ಜಿಲ್ಲಾಧಿಕಾರಿಯ ಆದೇಶ ಒಪ್ಪಿಗೆಯಿಲ್ಲದಿದ್ದರೆ ಆಹಾರ ಸುರಕ್ಷತಾ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಪೀಲೂ ಹಾಕದೆ, ದಂಡವನ್ನೂ ಕಟ್ಟದೆ ಕೂತರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ಕಟ್ಟುವವರೆಗೆ ಲೈಸೆನ್ಸೂ ಅಮಾನತು.