ಲೋಕಲ್ ಬಿಟ್ ಹಾಕಿದ್ದರೂ ಬ್ರೇಕ್‌ಪಾಯಿಂಟ್ ಪಕ್ಕದ ಪ್ರೊಸೆಸ್‌ನಲ್ಲಿ ಏಕೆ ಹಿಟ್ ಆಗುತ್ತದೆ?

ಓದುಗರ ಪ್ರಶ್ನೆ: "ಸರ್, ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ಬರೆಯುತ್ತಿರುವ ನಮ್ಮ ಕರ್ನೆಲ್‌ಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಸೇರಿಸಿದ್ದೇವೆ. ಡಿಆರ್0ರಲ್ಲಿ ವೇರಿಯೆಬಲ್‌ನ ವಿಳಾಸ ಬರೆದು, ಡಿಆರ್7ರಲ್ಲಿ ಲೋಕಲ್ ಬಿಟ್ ಹಾಕಿದ್ದೇವೆ. ಆದರೂ ಕೆಲವೊಮ್ಮೆ ಸಂಬಂಧವಿಲ್ಲದ ಪ್ರೊಸೆಸ್ ನಿಲ್ಲುತ್ತದೆ. ಕೆಲವೊಮ್ಮೆ ನಮ್ಮದೇ ಪ್ರೊಸೆಸ್ ಆ ವೇರಿಯೆಬಲ್‌ಗೆ ಬರೆದರೂ ನಿಲ್ಲುವುದಿಲ್ಲ. ಇದು ಕ್ಯೂಎಮುವಿನ ದೋಷವೇ?"

ಅಲ್ಲ, ಇಡೀ ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಕ್ಯೂಎಮು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸ್ವಂತ ಕರ್ನೆಲ್ ಬರೆಯುವ ಧೈರ್ಯ ಮಾಡುವ ತಂಡಗಳು ಇನ್ನೂ ಇವೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಅಂಥ ತಂಡಗಳಲ್ಲಿ ಯಾರಾದರೂ ಒಬ್ಬರು ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ, ನಾನು ಅದೇ ಉತ್ತರವನ್ನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತೇನೆ. ಆದ್ದರಿಂದ ಈ ಬಾರಿ ಅದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಎಂದರೆ ಗುರುತಿಸಿದ ವಿಳಾಸವನ್ನು ಮುಟ್ಟಿದಾಗ ಪ್ರೊಸೆಸರ್ ತಾನೇ ಪ್ರೋಗ್ರಾಮನ್ನು ನಿಲ್ಲಿಸುವ ಏರ್ಪಾಡು, ಎಕ್ಸ್86 ಪ್ರೊಸೆಸರ್‌ನಲ್ಲಿ ಡಿಆರ್0ರಿಂದ ಡಿಆರ್3ರವರೆಗಿನ ನಾಲ್ಕು ಡೀಬಗ್ ರಿಜಿಸ್ಟರ್‌ಗಳು ಆ ವಿಳಾಸಗಳನ್ನು ಹಿಡಿದಿಡುತ್ತವೆ, ಏನಾಯಿತೆಂದು ಡಿಆರ್6 ಹೇಳುತ್ತದೆ, ಯಾವುದನ್ನು ಹೇಗೆ ಗಮನಿಸಬೇಕೆಂಬುದು ಡಿಆರ್7ರಲ್ಲಿದೆ ಎಂಬುದೆಲ್ಲ ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ. ನೇರವಾಗಿ ತೊಂದರೆಯ ಬೇರಿಗೆ ಹೋಗೋಣ.

ಆ ಬೇರು ಒಂದೇ ಒಂದು ನಂಬಿಕೆ. ಲೋಕಲ್ ಬಿಟ್ ಹಾಕಿದರೆ ಬ್ರೇಕ್‌ಪಾಯಿಂಟ್ ಈಗ ಓಡುತ್ತಿರುವ ಪ್ರೊಸೆಸ್‌ಗೆ ಮಾತ್ರ ಸೀಮಿತವಾಗಿರುತ್ತದೆ, ಗ್ಲೋಬಲ್ ಬಿಟ್ ಹಾಕಿದರೆ ಎಲ್ಲ ಪ್ರೊಸೆಸ್‌ಗಳಿಗೂ ಅನ್ವಯಿಸುತ್ತದೆ, ಉಳಿದದ್ದನ್ನು ಪ್ರೊಸೆಸರ್ ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅದು. ಒಂದು ನೋಟ್ಸ್‌ನಿಂದ ಇನ್ನೊಂದು ನೋಟ್ಸ್‌ಗೆ ನಕಲಾಗುತ್ತಾ ಬಂದಿರುವ ಈ ವಾಕ್ಯವನ್ನು ವೈವಾದಲ್ಲಿ ವಿದ್ಯಾರ್ಥಿಗಳು ತಡವರಿಸದೆ ಹೇಳುತ್ತಾರೆ, ಕೇಳಿದವರು ತಲೆಯಾಡಿಸಿ ಅಂಕವನ್ನೂ ಕೊಟ್ಟುಬಿಡುತ್ತಾರೆ. ಆದರೆ ನೀವು ಬರೆದಿರುವಂಥ ಕರ್ನೆಲ್‌ನಲ್ಲಿ ಈ ಮಾತು ಸಂಪೂರ್ಣವಾಗಿ ತಪ್ಪು.

ಪ್ರೊಸೆಸ್ ಎಂಬುದನ್ನು ಸೃಷ್ಟಿಸಿದವರು ನೀವು, ಪ್ರೊಸೆಸರ್‌ಗೆ ಅದರ ಪರಿಚಯವೇ ಇಲ್ಲ. ನಿಮ್ಮ ಶೆಡ್ಯೂಲರ್ ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಬದಲಾಗುವಾಗ ಏನು ಮಾಡುತ್ತದೆ ಎಂಬುದನ್ನು ಸಾಲುಸಾಲಾಗಿ ನೋಡಿ. ಕೆಲವು ರಿಜಿಸ್ಟರ್‌ಗಳನ್ನು ಸ್ಟ್ಯಾಕ್ ಮೇಲೆ ತಳ್ಳುತ್ತದೆ, ಸ್ಟ್ಯಾಕ್ ಪಾಯಿಂಟರ್ ಬದಲಿಸುತ್ತದೆ, ಸಿಆರ್3 ರಿಜಿಸ್ಟರ್‌ಗೆ ಹೊಸ ಪ್ರೊಸೆಸ್‌ನ ಮೆಮೊರಿ ನಕ್ಷೆಯಾದ ಪೇಜ್ ಟೇಬಲ್‌ನ ವಿಳಾಸ ಬರೆಯುತ್ತದೆ, ಕೊನೆಗೆ ರಿಟರ್ನ್ ಆಗುತ್ತದೆ. ಪ್ರೊಸೆಸರ್‌ನ ದೃಷ್ಟಿಯಲ್ಲಿ ಇವೆಲ್ಲ ಬೇರೆ ಯಾವುದೇ ಇನ್‌ಸ್ಟ್ರಕ್ಷನ್‌ನಂತೆಯೇ ಸಾಮಾನ್ಯವಾದವು, ಇವುಗಳಲ್ಲಿ ಒಂದೂ ಡಿಆರ್7ನ್ನು ಮುಟ್ಟುವುದಿಲ್ಲ. ಹಾಗಿರುವಾಗ ಲೋಕಲ್ ಬಿಟ್ ತನ್ನಷ್ಟಕ್ಕೆ ತಾನೇ ಅಳಿಸಿಹೋಗಲು ಕಾರಣವಾದರೂ ಏನಿದೆ?

ಹಾಗಾದರೆ ಆ ಬಿಟ್ ಇರುವುದೇಕೆ ಎಂದು ಮರುಪ್ರಶ್ನೆ ಬರುತ್ತದೆ, ಬರಲೇಬೇಕು. 1985ರಲ್ಲಿ ಇಂಟೆಲ್ 80386 ಬಂದಾಗ ಡೀಬಗ್ ರಿಜಿಸ್ಟರ್‌ಗಳೂ ಅದರೊಂದಿಗೆ ಬಂದವು. ಟಾಸ್ಕ್ ಬದಲಾವಣೆಯನ್ನು ಹಾರ್ಡ್‌ವೇರ್ ತಾನೇ ಮಾಡುವ ವ್ಯವಸ್ಥೆಯೂ ಆ ಪ್ರೊಸೆಸರ್‌ನಲ್ಲಿತ್ತು: ಟಿಎಸ್‌ಎಸ್ ಎಂಬ ಮೆಮೊರಿ ರಚನೆಯ ಡಿಸ್ಕ್ರಿಪ್ಟರ್‌ಗೆ ಫಾರ್ ಜಂಪ್ ಅಥವಾ ಫಾರ್ ಕಾಲ್ ಮಾಡಿದರೆ, ಹಳೆಯ ಟಾಸ್ಕ್‌ನ ರಿಜಿಸ್ಟರ್‌ಗಳನ್ನು ಅದರ ಟಿಎಸ್‌ಎಸ್‌ಗೆ ಬರೆದು, ಹೊಸದರ ಟಿಎಸ್‌ಎಸ್‌ನಿಂದ ಓದಿಕೊಂಡು ಪ್ರೊಸೆಸರ್ ಮುಂದುವರಿಯುತ್ತಿತ್ತು. ಲೋಕಲ್ ಬಿಟ್‌ಗೆ ಅರ್ಥವಿರುವುದು ಆ ಹಾರ್ಡ್‌ವೇರ್ ಟಾಸ್ಕ್ ಬದಲಾವಣೆಯ ಸಂದರ್ಭದಲ್ಲಿ ಮಾತ್ರ. ಆಗ ಪ್ರೊಸೆಸರ್ ಡಿಆರ್7ರ ನಾಲ್ಕೂ ಲೋಕಲ್ ಬಿಟ್‌ಗಳನ್ನು ಅಳಿಸುತ್ತದೆ, ಗ್ಲೋಬಲ್ ಬಿಟ್‌ಗಳನ್ನು ಹಾಗೆಯೇ ಬಿಡುತ್ತದೆ.

ಇನ್ನೂ ಗಮನಿಸಬೇಕಾದ ಅಂಶವೆಂದರೆ, ಅಂದಿನ ವ್ಯವಸ್ಥೆಯಲ್ಲೂ ಈ ನಂಬಿಕೆ ಅರ್ಧ ಮಾತ್ರ ನಿಜವಾಗಿತ್ತು. ಪ್ರೊಸೆಸರ್ ಲೋಕಲ್ ಬಿಟ್‌ಗಳನ್ನು ಅಳಿಸುತ್ತಿತ್ತೇ ಹೊರತು ಹಳೆಯ ಟಾಸ್ಕ್ ಮರಳಿ ಬಂದಾಗ ಅವುಗಳನ್ನು ಮತ್ತೆ ಹಾಕುತ್ತಿರಲಿಲ್ಲ. ಹಾಕಲು ಸಾಧ್ಯವೂ ಇರಲಿಲ್ಲ, ಏಕೆಂದರೆ 104 ಬೈಟ್‌ಗಳ ಆ ಟಿಎಸ್‌ಎಸ್‌ನಲ್ಲಿ ಸಾಮಾನ್ಯ ರಿಜಿಸ್ಟರ್‌ಗಳಿಗೆ, ಸೆಗ್ಮೆಂಟ್‌ಗಳಿಗೆ, ಸಿಆರ್3ಕ್ಕೆ ಜಾಗವಿದೆ, ಆದರೆ ಡೀಬಗ್ ರಿಜಿಸ್ಟರ್‌ಗಳಿಗೆ ಜಾಗವೇ ಇಲ್ಲ. ಆ ಕೊರತೆಯನ್ನು ತುಂಬಲೆಂದೇ ಟಿಎಸ್‌ಎಸ್‌ನಲ್ಲಿ ಟಿ ಎಂಬ ಒಂದು ಬಿಟ್ ಇಟ್ಟಿದ್ದಾರೆ. ಅದನ್ನು ಹಾಕಿದ ಟಾಸ್ಕ್‌ಗೆ ಬದಲಾದ ಕೂಡಲೇ, ಓಡುತ್ತಿರುವುದನ್ನು ನಿಲ್ಲಿಸಿ ಕರ್ನೆಲ್‌ನ ಹ್ಯಾಂಡ್ಲರ್ ಅನ್ನು ಕರೆಯುವ ಡೀಬಗ್ ಎಕ್ಸೆಪ್ಶನ್ ಬರುತ್ತದೆ, ಡಿಆರ್6ರ 15ನೇ ಬಿಟ್ ಕಾರಣವನ್ನು ತಿಳಿಸುತ್ತದೆ, ಆಪರೇಟಿಂಗ್ ಸಿಸ್ಟಮ್ ಆಗ ಆ ಟಾಸ್ಕ್‌ನ ಬ್ರೇಕ್‌ಪಾಯಿಂಟ್‌ಗಳನ್ನು ತನ್ನ ಕೈಯಾರೆ ತುಂಬಬೇಕು. ಅಂದರೆ ಲೆಕ್ಕ ಇಡುವ ಹೊಣೆ 386ರ ಕಾಲದಲ್ಲೂ ಕರ್ನೆಲ್‌ನದೇ ಆಗಿತ್ತು. ಇಂದಿನ 64-ಬಿಟ್ ಮೋಡ್‌ನಲ್ಲಂತೂ ಹಾರ್ಡ್‌ವೇರ್ ಟಾಸ್ಕ್ ಬದಲಾವಣೆಯೇ ಇಲ್ಲ, ಟಿಎಸ್‌ಎಸ್‌ಗೆ ಫಾರ್ ಜಂಪ್ ಮಾಡಿದರೆ ಜನರಲ್ ಪ್ರೊಟೆಕ್ಷನ್ ಎಕ್ಸೆಪ್ಶನ್ ಬರುತ್ತದೆ. ಆದ್ದರಿಂದ ಆ ಮೋಡ್‌ನಲ್ಲಿ ಲೋಕಲ್ ಬಿಟ್ ಮತ್ತು ಗ್ಲೋಬಲ್ ಬಿಟ್ ನಡುವೆ ವರ್ತನೆಯಲ್ಲಿ ಯಾವ ವ್ಯತ್ಯಾಸವೂ ಉಳಿದಿಲ್ಲ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಿ. ನಾಲ್ಕು ಬೈಟ್‌ನ ವೇರಿಯೆಬಲ್‌ಗೆ ಬರೆದಾಗ ನಿಲ್ಲಬೇಕೆಂದರೆ ಡಿಆರ್7ರ 0ನೇ ಬಿಟ್ ಲೋಕಲ್‌ಗೆ, 16ನೇ ಬಿಟ್ ಬರಹಕ್ಕೆ, 18 ಮತ್ತು 19ನೇ ಬಿಟ್‌ಗಳು ನಾಲ್ಕು ಬೈಟ್ ಉದ್ದಕ್ಕೆ, ಜೊತೆಗೆ ಯಾವಾಗಲೂ 1 ಆಗಿರುವ 10ನೇ ಬಿಟ್, ಒಟ್ಟು ಹೆಕ್ಸ್‌ನಲ್ಲಿ ಡಿ0401 ಆಗುತ್ತದೆ. ಈಗ ಲೋಕಲ್ ತೆಗೆದು ಗ್ಲೋಬಲ್ ಹಾಕಿ, ಅಂದರೆ ಡಿ0402 ಬರೆದು ಅದೇ ಪ್ರಯೋಗವನ್ನು ಮತ್ತೆ ಮಾಡಿ. ತಪ್ಪು ಪ್ರೊಸೆಸ್ ಮೊದಲಿನಂತೆಯೇ ನಿಲ್ಲುತ್ತದೆ. ಅಂದಹಾಗೆ, ವಿಳಾಸವು ಉದ್ದಕ್ಕೆ ತಕ್ಕಂತೆ ಅಲೈನ್ ಆಗಿರಬೇಕು. ನಾಲ್ಕರಿಂದ ಭಾಗವಾಗದ ವಿಳಾಸ ಕೊಟ್ಟರೆ ಪ್ರೊಸೆಸರ್ ಕೆಳಗಿನ ಬಿಟ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡೀಬಗ್ ರಿಜಿಸ್ಟರ್‌ಗಳು ಕೋರ್‌ನ ಸ್ವತ್ತು, ಪ್ರೊಸೆಸ್‌ನ ಸ್ವತ್ತಲ್ಲ. ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಲೇಥ್ ಕಂಡವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಮೊದಲ ಪಾಳಿಯವನು ತನ್ನ ಜಾಬ್‌ಗೆಂದು ಕೂರಿಸಿದ ಸ್ಟಾಪ್ ಯಂತ್ರದ ಮೇಲೆಯೇ ಇರುತ್ತದೆ, ಎರಡನೇ ಪಾಳಿಯವನು ಅದನ್ನು ತೆಗೆಯದೆ ತನ್ನ ಜಾಬ್ ಕೂರಿಸಿದರೆ ಟೂಲ್ ಅದೇ ಜಾಗದಲ್ಲಿ ನಿಲ್ಲುತ್ತದೆ. ಪಾಳಿ ಬದಲಾಯಿತೆಂಬುದು ಯಂತ್ರಕ್ಕೆ ತಿಳಿಯುವುದಿಲ್ಲ.

ಈಗ ನಿಮ್ಮ ಎರಡೂ ಲಕ್ಷಣಗಳಿಗೆ ಕಾರಣ ಸ್ಪಷ್ಟವಾಗುತ್ತದೆ. ಒಂದೇ ಪ್ರೋಗ್ರಾಮ್‌ನ ಎರಡು ಪ್ರತಿಗಳನ್ನು ಓಡಿಸಿದ್ದೀರೆಂದುಕೊಳ್ಳಿ, ನಿಮ್ಮ ಲೋಡರ್ ಎರಡನ್ನೂ ಅದೇ ವಿಳಾಸಕ್ಕೆ ಹಾಕುತ್ತದೆ, ಆದ್ದರಿಂದ ಎರಡರಲ್ಲೂ ಆ ವೇರಿಯೆಬಲ್‌ನ ಲೀನಿಯರ್ ವಿಳಾಸ, ಅಂದರೆ ಪೇಜ್ ಟೇಬಲ್ ಭೌತಿಕ ವಿಳಾಸವಾಗಿ ಬದಲಿಸುವ ಮುಂಚಿನ ವಿಳಾಸ, ಒಂದೇ. ಡಿಆರ್0 ಹೋಲಿಸುವುದು ಲೀನಿಯರ್ ವಿಳಾಸವನ್ನು, ಅದರ ಹಿಂದಿನ ಭೌತಿಕ ಪುಟ ಬೇರೆಯಾಗಿದೆಯೇ ಎಂಬುದನ್ನು ಅದು ನೋಡುವುದೇ ಇಲ್ಲ. ಟೈಮರ್ ಬಡಿದು ಎರಡನೇ ಪ್ರತಿ ಓಡತೊಡಗಿ, ತನ್ನದೇ ವೇರಿಯೆಬಲ್‌ಗೆ ಬರೆದ ಕ್ಷಣ ಎಕ್ಸೆಪ್ಶನ್ ಬರುತ್ತದೆ. ಇನ್ನು ನಾಲ್ಕು ಕೋರ್‌ಗಳಿರುವ ಕ್ಯೂಎಮು ಯಂತ್ರದಲ್ಲಿ ನಿಮ್ಮ ಪ್ರೊಸೆಸ್ ಬೇರೊಂದು ಕೋರ್‌ಗೆ ಹೋದರೆ, ಆ ಕೋರ್‌ನ ಡಿಆರ್7 ಖಾಲಿ ಇರುವುದರಿಂದ ಎಷ್ಟು ಬರೆದರೂ ಏನೂ ಆಗುವುದಿಲ್ಲ.

ಪರಿಹಾರವೂ ಇದರಿಂದಲೇ ಹೊರಡುತ್ತದೆ. ಪ್ರತಿ ಥ್ರೆಡ್‌ನ ರಚನೆಯಲ್ಲಿ ನಾಲ್ಕು ವಿಳಾಸಗಳಿಗೂ ಒಂದು ಡಿಆರ್7 ಮೌಲ್ಯಕ್ಕೂ ಜಾಗ ಇಡಿ. ಥ್ರೆಡ್ ಬದಲಾಗುವಾಗ ಮೊದಲು ಡಿಆರ್7ನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ವಿಳಾಸಗಳನ್ನು ತುಂಬಿ, ಎಲ್ಲಕ್ಕಿಂತ ಕೊನೆಗೆ ಹೊಸ ಡಿಆರ್7 ಬರೆಯಿರಿ. ಈ ಕ್ರಮ ತಪ್ಪಿದರೆ ಹಳೆಯ ನಿಯಂತ್ರಣ ಬಿಟ್‌ಗಳು ಹೊಸ ವಿಳಾಸದ ಮೇಲೆ ಒಂದು ಕ್ಷಣ ಜಾರಿಯಲ್ಲಿರುತ್ತವೆ. ಡೀಬಗ್ ರಿಜಿಸ್ಟರ್‌ಗೆ ಬರೆಯುವ ಇನ್‌ಸ್ಟ್ರಕ್ಷನ್ ಪೈಪ್‌ಲೈನ್ ಅನ್ನು ಸೀರಿಯಲೈಸ್ ಮಾಡುವಂಥದ್ದಾಗಿರುವುದರಿಂದ ಅದು ದುಬಾರಿ, ಹೋಗುವ ಥ್ರೆಡ್‌ಗೂ ಬರುವ ಥ್ರೆಡ್‌ಗೂ ಬ್ರೇಕ್‌ಪಾಯಿಂಟ್ ಇಲ್ಲದಿದ್ದರೆ ಈ ಕೆಲಸವನ್ನೇ ಬಿಟ್ಟುಬಿಡಿ. ಅದೇ ಪ್ರೊಸೆಸ್‌ನಲ್ಲಿ ಎಕ್ಸೆಕ್ ಮೂಲಕ ಹೊಸ ಪ್ರೋಗ್ರಾಮ್ ತುಂಬಿದಾಗ ಹಳೆಯ ವಿಳಾಸಗಳಿಗೆ ಅರ್ಥವಿರುವುದಿಲ್ಲ, ಅವನ್ನು ಅಳಿಸಿ.

ಕರ್ನೆಲ್‌ನದೇ ವೇರಿಯೆಬಲ್ ಒಂದನ್ನು ಗಮನಿಸಬೇಕಾದರೆ ಲೆಕ್ಕ ಬೇರೆಯಾಗುತ್ತದೆ. ಅದಕ್ಕೆ ಎಲ್ಲ ಕೋರ್‌ಗಳಿಗೂ ಇಂಟರಪ್ಟ್ ಕಳುಹಿಸಿ, ಪ್ರತಿಯೊಂದು ಕೋರ್ ತನ್ನ ರಿಜಿಸ್ಟರ್ ತುಂಬುವಂತೆ ಮಾಡಬೇಕು. ಒಂದು ಕೋರ್ ಇನ್ನೊಂದರ ಡಿಆರ್7ಕ್ಕೆ ಬರೆಯಲಾರದು. ಹೀಗೆ ಎಲ್ಲ ಕೋರ್‌ಗಳಲ್ಲೂ ಒಂದು ಸ್ಲಾಟ್ ಹೋದ ಮೇಲೆ ಥ್ರೆಡ್‌ಗಳಿಗೆ ಉಳಿಯುವುದು ಮೂರೇ. 2010ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.33ರಲ್ಲಿ ಕಾರ್ಯಕ್ಷಮತೆ ಅಳೆಯುವ ಪರ್ಫ್ ವ್ಯವಸ್ಥೆಯ ಮೇಲೆ ಕಟ್ಟಿದ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಪದರ ಮಾಡುವ ಮುಖ್ಯ ಕೆಲಸಗಳಲ್ಲಿ ಈ ಹಂಚಿಕೆಯ ಲೆಕ್ಕವೂ ಒಂದು: ಜಾಗ ಉಳಿಯದಿದ್ದರೆ ಬ್ರೇಕ್‌ಪಾಯಿಂಟ್ ಹಾಕುವ ಹೊತ್ತಿನಲ್ಲೇ ಇಲ್ಲವೆಂದು ಹೇಳಿಬಿಡುತ್ತದೆ. ನಿಮ್ಮ ಕರ್ನೆಲ್ ಕೂಡ ಹಾಗೆಯೇ ನಿರಾಕರಿಸಬೇಕು. ಒಪ್ಪಿಕೊಂಡು ಆಮೇಲೆ ಸದ್ದಿಲ್ಲದೆ ಕೈಬಿಡುವ ಬ್ರೇಕ್‌ಪಾಯಿಂಟ್‌ನಿಂದ ಡೀಬಗ್ ಮಾಡುವವರ ದಿನಗಳೇ ಹಾಳಾಗುತ್ತವೆ.

ಇನ್ನು ಯಾರೂ ನನ್ನನ್ನು ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಯೂಸರ್ ಪ್ರೋಗ್ರಾಮ್ ಹಾಕಿದ ಬ್ರೇಕ್‌ಪಾಯಿಂಟ್ ಕರ್ನೆಲ್ ಒಳಗೆ ಹಿಟ್ ಆದರೆ ಏನು ಮಾಡುತ್ತೀರಿ? ಇದು ಅಪರೂಪದ ಸಂಗತಿಯಲ್ಲ. ಗಮನದಲ್ಲಿರುವ ಬಫರ್‌ಗೆ ಆ ಪ್ರೋಗ್ರಾಮ್ ರೀಡ್ ಸಿಸ್ಟಮ್ ಕಾಲ್ ಮಾಡಿದರೆ, ದತ್ತಾಂಶವನ್ನು ಅಲ್ಲಿಗೆ ನಕಲು ಮಾಡುವುದು ಕರ್ನೆಲ್. ಎಕ್ಸ್86ರ ಡೀಬಗ್ ರಿಜಿಸ್ಟರ್‌ಗಳು ಬರೆದವರು ಯಾರು ಎಂದು ಕೇಳುವುದಿಲ್ಲ, ವಿಳಾಸ ಹೊಂದಿದರೆ ಕರ್ನೆಲ್ ಓಡುವ ಮಟ್ಟವಾದ ರಿಂಗ್ 0ರಲ್ಲೂ ಎಕ್ಸೆಪ್ಶನ್ ಬರುತ್ತದೆ. (ಅದೇ ಬಫರ್‌ಗೆ ಡಿಸ್ಕ್ ಕಂಟ್ರೋಲರ್ ಡಿಎಂಎ ಮೂಲಕ ನೇರವಾಗಿ ಬರೆದರೆ ಮಾತ್ರ ಏನೂ ಬರುವುದಿಲ್ಲ, ಏಕೆಂದರೆ ಆ ಬರಹ ಕೋರ್‌ನ ಮೂಲಕ ಹಾದುಹೋಗುವುದೇ ಇಲ್ಲ.) ಆದ್ದರಿಂದ ನಿಮ್ಮ ಹ್ಯಾಂಡ್ಲರ್ ಯೂಸರ್ ಪ್ರೋಗ್ರಾಮ್‌ಗಳ ಮಟ್ಟವಾದ ರಿಂಗ್ 3ರಿಂದಷ್ಟೇ ಕರೆ ಬರುತ್ತದೆ ಎಂದು ಭಾವಿಸಬಾರದು.

ಇಷ್ಟಕ್ಕೇ ಮುಗಿಯುವುದಿಲ್ಲ. ಸ್ಟ್ಯಾಕ್‌ನ ಸೆಗ್ಮೆಂಟ್ ಸೂಚಿಸುವ ಎಸ್‌ಎಸ್ ರಿಜಿಸ್ಟರ್‌ಗೆ ಹೊಸ ಮೌಲ್ಯ ತುಂಬುವ ಮೂವ್ ಅಥವಾ ಪಾಪ್ ಇನ್‌ಸ್ಟ್ರಕ್ಷನ್ ಆದ ಮೇಲೆ, ಮುಂದಿನ ಒಂದು ಇನ್‌ಸ್ಟ್ರಕ್ಷನ್ ಮುಗಿಯುವವರೆಗೆ ಪ್ರೊಸೆಸರ್ ಡೇಟಾ ಬ್ರೇಕ್‌ಪಾಯಿಂಟ್‌ನ ಎಕ್ಸೆಪ್ಶನ್ ಅನ್ನು ತಡೆಹಿಡಿಯುತ್ತದೆ. ಸ್ಟ್ಯಾಕ್ ಬದಲಿಸುವ ಎರಡು ಹೆಜ್ಜೆಗಳ ನಡುವೆ ಅಡಚಣೆ ಬರಬಾರದೆಂದು ಮಾಡಿದ ಏರ್ಪಾಡು ಇದು. ಈಗ ಯೂಸರ್ ಪ್ರೋಗ್ರಾಮ್ ಒಂದು ಗಮನದಲ್ಲಿರುವ ಮೆಮೊರಿಯಿಂದಲೇ ಎಸ್‌ಎಸ್ ತುಂಬಿ, ಮರುಕ್ಷಣದಲ್ಲಿ ಸಿಸ್‌ಕಾಲ್ ಮಾಡಿತೆಂದುಕೊಳ್ಳಿ. ತಡೆಹಿಡಿದ ಎಕ್ಸೆಪ್ಶನ್ ಕರ್ನೆಲ್‌ನ ಮೊಟ್ಟಮೊದಲ ಇನ್‌ಸ್ಟ್ರಕ್ಷನ್‌ಗಿಂತ ಮುಂಚೆಯೇ, ಆದರೆ ರಿಂಗ್ 0ರಲ್ಲಿ ಬರುತ್ತದೆ. ಸ್ಟ್ಯಾಕ್ ಪಾಯಿಂಟರ್ ಇನ್ನೂ ಯೂಸರ್‌ನದು, ಕರ್ನೆಲ್ ತನ್ನ ಕೋರ್‌ನ ದತ್ತಾಂಶ ಹುಡುಕಲು ಬಳಸುವ ಜಿಎಸ್ ಬೇಸ್ ಕೂಡ ಇನ್ನೂ ಯೂಸರ್‌ನದು. ಯಾವ ರಿಂಗ್‌ನ ಕೋಡ್ ಓಡುತ್ತಿತ್ತೆಂದು ಹೇಳುವ, ಉಳಿಸಿಟ್ಟ ಸಿಎಸ್ ರಿಜಿಸ್ಟರ್ ಕರ್ನೆಲ್‌ನದಾಗಿದೆ ಎಂಬುದನ್ನಷ್ಟೇ ನೋಡಿ ಎಲ್ಲವೂ ಕರ್ನೆಲ್‌ನದೇ ಎಂದು ನಂಬಿದ ಹ್ಯಾಂಡ್ಲರ್ ಅಲ್ಲಿ ಮೋಸಹೋಗುತ್ತದೆ. ಸಿವಿಇ-2018-8897 ಎಂದು ದಾಖಲಾದ ಈ ದೋಷ 2018ರ ಮೇ ತಿಂಗಳಲ್ಲಿ ಬಹಿರಂಗವಾದಾಗ ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್, ಫ್ರೀಬಿಎಸ್‌ಡಿ ಎಲ್ಲವೂ ತಿದ್ದುಪಡಿ ತರಬೇಕಾಯಿತು. ಬೇರೆ ಬೇರೆ ಜನ ಬರೆದ ಇಷ್ಟೊಂದು ಕರ್ನೆಲ್‌ಗಳು ಪ್ರೊಸೆಸರ್ ಕೈಪಿಡಿಯ ಒಂದೇ ವಿಷಯವನ್ನು ಒಂದೇ ರೀತಿ ತಪ್ಪಾಗಿ ಅರ್ಥಮಾಡಿಕೊಂಡಿದ್ದವು.

ಹ್ಯಾಂಡ್ಲರ್ ತಾನೇ ಬಳಸುವ ಸ್ಟ್ಯಾಕ್ ಅಥವಾ ಟೇಬಲ್ ಮೇಲೆ ಬ್ರೇಕ್‌ಪಾಯಿಂಟ್ ಬಿದ್ದರೆ ಅದು ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಲಿನಕ್ಸ್ 2020ರ 5.8ನೇ ಆವೃತ್ತಿಯಿಂದ ಡೀಬಗ್ ಎಕ್ಸೆಪ್ಶನ್ ಒಳಹೊಕ್ಕ ಕೂಡಲೇ ಡಿಆರ್7ನ್ನು ಉಳಿಸಿಟ್ಟು ನಿಷ್ಕ್ರಿಯಗೊಳಿಸುತ್ತದೆ, ಹೊರಡುವಾಗ ಮರಳಿ ಹಾಕುತ್ತದೆ. ನೀವೂ ಅದನ್ನೇ ಮಾಡಿ. ಆಮೇಲೆ ಡಿಆರ್6 ಓದಿ, ಕೂಡಲೇ ಅದನ್ನು ಅಳಿಸಿ, ಏಕೆಂದರೆ ಪ್ರೊಸೆಸರ್ ಅದರ ಬಿಟ್‌ಗಳನ್ನು ತಾನಾಗಿ ಅಳಿಸುತ್ತದೆಂದು ನಂಬುವಂತಿಲ್ಲ. ಸಕ್ರಿಯವಲ್ಲದ ಬ್ರೇಕ್‌ಪಾಯಿಂಟ್‌ನ ಬಿಟ್ ಕೂಡ ಅಲ್ಲಿ ಹೊತ್ತಿರಬಹುದು, ಆದ್ದರಿಂದ ಉಳಿಸಿಟ್ಟ ಡಿಆರ್7ರೊಂದಿಗೆ ಹೋಲಿಸಿಯೇ ತೀರ್ಮಾನಿಸಿ. ಇನ್‌ಸ್ಟ್ರಕ್ಷನ್ ಬ್ರೇಕ್‌ಪಾಯಿಂಟ್ ಆಗಿದ್ದರೆ ಅದು ಓಡುವ ಮುಂಚೆಯೇ ಎಕ್ಸೆಪ್ಶನ್ ಬಂದಿರುತ್ತದೆ. ಸ್ಟ್ಯಾಕ್ ಮೇಲಿನ ಫ್ಲ್ಯಾಗ್ಸ್‌ನಲ್ಲಿ 16ನೇ ಬಿಟ್ ಆದ ಆರ್‌ಎಫ್ ಹಾಕದೆ ಮರಳಿದರೆ ಅದೇ ಇನ್‌ಸ್ಟ್ರಕ್ಷನ್ ಮೇಲೆ ಕೊನೆಯಿಲ್ಲದೆ ಸುತ್ತುತ್ತೀರಿ. ಡೇಟಾ ಬ್ರೇಕ್‌ಪಾಯಿಂಟ್ ಬರಹ ಮುಗಿದ ಮೇಲೆ ಬರುವುದರಿಂದ ಅದಕ್ಕೆ ಇದರ ಅಗತ್ಯವಿಲ್ಲ. ಕೊನೆಯದಾಗಿ, ಯೂಸರ್ ಕೊಟ್ಟ ವಿಳಾಸವೂ ಅದರ ಉದ್ದದ ಕೊನೆಯ ಬೈಟೂ ಯೂಸರ್ ವ್ಯಾಪ್ತಿಯೊಳಗೆ ಇವೆಯೇ ಎಂದು ಬ್ರೇಕ್‌ಪಾಯಿಂಟ್ ಸ್ವೀಕರಿಸುವ ಸಿಸ್ಟಮ್ ಕಾಲ್‌ನಲ್ಲೇ ಪರೀಕ್ಷಿಸಿ, ಇಲ್ಲದಿದ್ದರೆ ಅಲ್ಲಿಂದಲೇ ದೋಷಸಂಖ್ಯೆ ಹಿಂದಿರುಗಿಸಿ.