ಗಾಳಿ ಅಳೆಯುವ ಲೇಸರ್: ಸೂತ್ರದ ಆ 2 ಎಲ್ಲಿಂದ ಬಂತು?

ಈ ವಾರ ಏಯೋಲಸ್ ಉಪಗ್ರಹದ ಬಗ್ಗೆ ಓದುತ್ತಿದ್ದೆ, ಮರೆಯುವ ಮೊದಲು ಬರೆದಿಡುತ್ತೇನೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಹಾರಿಸಿದ್ದು. ಸುಮಾರು 320 ಕಿ.ಮೀ. ಎತ್ತರದಿಂದ ಲೇಸರ್ ಬಿಟ್ಟು, ಗಾಳಿಯಿಂದ ಚದುರಿ ವಾಪಸ್ ಬಂದ ಬೆಳಕಿನ ಆವರ್ತನ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು) ಎಷ್ಟು ಬದಲಾಗಿದೆ ಅಂತ ನೋಡಿ ಗಾಳಿಯ ವೇಗ ಅಳೆಯುತ್ತಿತ್ತು.

ನಾನು ಎರಡು ದಿನ ಸಿಕ್ಕಿಕೊಂಡಿದ್ದು ಇಲ್ಲಿ: ಆವರ್ತನದ ಬದಲಾವಣೆ = 2 × ವೇಗ ÷ ತರಂಗಾಂತರ. ಬೆಳಕು ಹೋಗಿ ಬರುತ್ತದೆ, ಅದಕ್ಕೇ 2 ಅಂತ ಎಲ್ಲ ಕಡೆ ಒಂದೇ ಸಾಲು. ಆದರೆ ದಾರಿ ಎರಡರಷ್ಟಾದರೆ ಆವರ್ತನ ಯಾಕೆ ಬದಲಾಗಬೇಕು? ದೂರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಲ್ವಾ?

ಬಿಎಂಟಿಸಿ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಹೆಬ್ಬಾಳದ ಹತ್ತಿರ ಒಂದು ಆಂಬುಲೆನ್ಸ್ ಸೈರನ್ ಹಾಕಿಕೊಂಡು ನಿಂತಿದೆ ಅಂದುಕೊಳ್ಳಿ, ನಿಮ್ಮ ಬಸ್ಸು ಅದರ ಕಡೆ ಹೋಗುತ್ತಿದೆ. ಸೈರನ್ ಸ್ವಲ್ಪ ಏರಿದ ಸ್ವರದಲ್ಲಿ ಕೇಳುತ್ತದೆ. ಇದು ಮೊದಲ ಸಲ. ಈಗ ನಿಮಗೆ ಕೇಳಿದ ಅದೇ ಸ್ವರವನ್ನು, ಅಂದರೆ ಆಗಲೇ ಏರಿರುವ ಸ್ವರವನ್ನು, ಕಿಟಕಿಯಿಂದ ವಾಪಸ್ ಕೂಗಿ. ಕೂಗುವ ನೀವೂ ಮುಂದೆ ಬರುತ್ತಿದ್ದೀರಿ, ಹಾಗಾಗಿ ಆಂಬುಲೆನ್ಸ್ ಡ್ರೈವರ್‌ಗೆ ಅದು ಇನ್ನೊಂದಿಷ್ಟು ಏರಿ ಕೇಳುತ್ತದೆ. ಇದು ಎರಡನೇ ಸಲ. ಗಾಳಿಯ ಅಣುವೇ ಆ ಬಸ್ಸು: ಮೊದಲು ಕೇಳುತ್ತದೆ, ಆಮೇಲೆ ಕೂಗುತ್ತದೆ. 2 ಬಂದಿದ್ದು ಈ ಎರಡು ಕೆಲಸದಿಂದ, ದೂರದಿಂದಲ್ಲ.

ಈಗ ಲೆಕ್ಕ. ತರಂಗಾಂತರ 355 ನ್ಯಾನೋಮೀಟರ್, ವೇಗ ಸೆಕೆಂಡಿಗೆ 1 ಮೀಟರ್. ಬದಲಾವಣೆ ಸುಮಾರು 5.6 ಮೆಗಾಹರ್ಟ್ಸ್. ಲೇಸರ್‌ನ ಆವರ್ತನವೇ 845 ಟೆರಾಹರ್ಟ್ಸ್, ಅಂದರೆ ನಾವು ಹುಡುಕುತ್ತಿರುವುದು 15 ಕೋಟಿಯಲ್ಲಿ ಒಂದು ಪಾಲು! ಲೇಸರ್ ತಾನೇ ಅಷ್ಟು ಅಲುಗಾಡಿದರೆ ಇಲ್ಲದ ಗಾಳಿ ಕಾಣುತ್ತದೆ. ಅದಕ್ಕೇ ಒಂದು ಚಿಕ್ಕ, ತುಂಬಾ ಸ್ಥಿರವಾದ ಬೀಜ ಲೇಸರ್ ಇಟ್ಟು, ದೊಡ್ಡ ಲೇಸರ್ ಅದನ್ನೇ ಅನುಸರಿಸುವಂತೆ ಮಾಡುತ್ತಾರೆ. ಉಪಗ್ರಹದ ಸ್ವಂತ ವೇಗ ಸೆಕೆಂಡಿಗೆ 7 ಕಿ.ಮೀ.ಗಿಂತ ಜಾಸ್ತಿ, ಅದು ಲೆಕ್ಕಕ್ಕೆ ಸೇರದಿರಲಿ ಅಂತ ಕಿರಣವನ್ನು ಹೋಗುವ ದಿಕ್ಕಿಗೆ ಅಡ್ಡವಾಗಿ, ನೇರ ಕೆಳಕ್ಕಿಂತ 35 ಡಿಗ್ರಿ ಓರೆ ಮಾಡಿ ಬಿಡುತ್ತಿದ್ದರು.

355 ನ್ಯಾನೋಮೀಟರ್ ಅಂದರೆ ನೇರಳಾತೀತ ಬೆಳಕು. ಯಾಕೆ ನೇರಳಾತೀತ? ಲೇಸರ್ ಹುಟ್ಟುವುದು 1064 ನ್ಯಾನೋಮೀಟರ್ ತರಂಗಾಂತರದಲ್ಲಿ, ಹರಳುಗಳಿಂದ ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಅಣುಗಳ ಚದುರಿಕೆ ಅದರಿಂದ 3ರ ನಾಲ್ಕನೇ ಘಾತ, ಅಂದರೆ 81 ಪಟ್ಟು ಏರುತ್ತದೆ.

ಆದರೆ ಅದೇ ಕಿರಣ ತೊಂದರೆಯನ್ನೂ ತಂತು. ನಿರ್ವಾತದಲ್ಲಿ ಅಂಟು, ಪ್ಲಾಸ್ಟಿಕ್‌ಗಳಿಂದ ಹೊರಡುವ ಆವಿ ಕನ್ನಡಿ ಮಸೂರಗಳ ಮೇಲೆ ಕೂರುತ್ತದೆ, ಕಿರಣ ಬಿದ್ದಲ್ಲಿ ಕಪ್ಪಗಾಗುತ್ತದೆ. ಪರಿಹಾರ ನನಗೆ ತುಂಬಾ ಇಷ್ಟವಾಯಿತು: ಲೇಸರ್ ಪೆಟ್ಟಿಗೆಯೊಳಗೆ ಒಂಚೂರು ಆಮ್ಲಜನಕ ಬಿಟ್ಟರು. ಕೊಳೆ ಕೂರುವಷ್ಟರಲ್ಲೇ ಕಿರಣದ ಬಲದಿಂದ ಅದು ಸುಟ್ಟು ಹೋಗುತ್ತದೆ.