ದಪ್ಪ ಆಗಬೇಕು, ಅಗಲ ಆಗಬಾರದು

ಸಾಮಾನ್ಯ ಫಾಂಟಿನಲ್ಲಿ ಒಂದು ಸಾಲನ್ನು ಬೋಲ್ಡ್ ಮಾಡಿ ನೋಡಿ. ಸಾಲು ಉದ್ದವಾಗುತ್ತದೆ, ಕೆಲವೊಮ್ಮೆ ಕೊನೆಯ ಪದ ಕೆಳಗೆ ಇಳಿದೇ ಬಿಡುತ್ತದೆ. ಮೊನೊಸ್ಪೇಸ್ ಫಾಂಟಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಇಂಗ್ಲಿಷಿನ ಸಣಕಲು 'ಐ'ಗೂ ಅಗಲವಾದ 'ಡಬ್ಲ್ಯೂ'ಗೂ ಜಾಗ ಒಂದೇ. ಬೋಲ್ಡ್ ಆದಮೇಲೂ ಅಷ್ಟೇ ಜಾಗ.

ಈ ಕಟ್ಟುಪಾಡು ಬಂದಿದ್ದು ಟೈಪ್‌ರೈಟರಿನಿಂದ. ಯಾವ ಕೀ ಒತ್ತಿದರೂ ಕಾಗದ ಹಿಡಿದ ಕ್ಯಾರೇಜ್ ಸರಿಯುತ್ತಿದ್ದ ದೂರ ಒಂದೇ, ಸಾಮಾನ್ಯವಾಗಿ ಇಂಚಿಗೆ 10 ಇಲ್ಲವೇ 12 ಅಕ್ಷರ. 1950ರ ದಶಕದಲ್ಲಿ ಹೋವರ್ಡ್ ಕೆಟ್ಲರ್ ಐಬಿಎಂಗೆ ಬಿಡಿಸಿಕೊಟ್ಟ ಕೊರಿಯರ್ ಎಂಬ ಫಾಂಟ್ ಕೂಡ ಇಂಥ ಯಂತ್ರಕ್ಕಾಗಿಯೇ ಹುಟ್ಟಿದ್ದು. ಬೋಲ್ಡ್ ಬೇಕಾದರೆ ಅಕ್ಷರ ಹೊಡೆದು, ಒಂದು ಹೆಜ್ಜೆ ಹಿಂದೆ ಸರಿದು, ಅದರ ಮೇಲೇ ಇನ್ನೊಮ್ಮೆ ಹೊಡೆಯುತ್ತಿದ್ದರು. ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕೈಪಿಡಿ ಪುಟಗಳೂ ಇದೇ ಉಪಾಯ ಹಿಡಿದವು: ಅಕ್ಷರ, ಬ್ಯಾಕ್‌ಸ್ಪೇಸ್, ಮತ್ತೆ ಅದೇ ಅಕ್ಷರ. ಆ ಪುಟಗಳನ್ನು ತೆರೆಯ ಮೇಲೆ ಓದಿಸುವ 'ಲೆಸ್' ಎಂಬ ಪ್ರೋಗ್ರಾಂ ಈಗಲೂ ಇದನ್ನು ಕಂಡರೆ ಬೋಲ್ಡ್ ಅಂತಲೇ ತೋರಿಸುತ್ತದೆ.

ಆದರೆ ಫಾಂಟ್ ಬಿಡಿಸುವವರ ಕೆಲಸ ಇಷ್ಟು ಸುಲಭ ಅಲ್ಲ. ಸೈಟಿನ ಅಳತೆ ಹಾಗೇ ಇದ್ದು ಗೋಡೆ ಮಾತ್ರ ದಪ್ಪ ಮಾಡಿದರೆ ಒಳಗಿನ ಕೋಣೆ ಕಿರಿದಾಗುತ್ತದೆ, ಅಲ್ವಾ? ಅಡೋಬಿಯ ಕೊರಿಯರ್ ಫಾಂಟಿನ ಅಂಕಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಫಾಂಟಿನ ಅಳತೆ 1000 ಯೂನಿಟ್ ಅಂತಿಟ್ಟುಕೊಂಡರೆ ಪ್ರತಿ ಅಕ್ಷರದ ಜಾಗ 600. ರೆಗ್ಯುಲರ್‌ನಲ್ಲಿ ನಿಂತ ಗೆರೆ, ಮಲಗಿದ ಗೆರೆ ಎರಡರ ದಪ್ಪವೂ 51. ಬೋಲ್ಡ್‌ನಲ್ಲಿ ನಿಂತ ಗೆರೆ 106ಕ್ಕೆ ಏರುತ್ತದೆ, ಮಲಗಿದ್ದು ಮಾತ್ರ 84ಕ್ಕೇ ನಿಲ್ಲುತ್ತದೆ. ಯಾಕೆಂದರೆ ಇಂಗ್ಲಿಷಿನ ಸಣ್ಣ 'ಇ'ಯಲ್ಲಿ (e) ಒಂದರ ಮೇಲೊಂದು ಮೂರು ಅಡ್ಡಗೆರೆ ಕೂರಬೇಕು, ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ನಡುವಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ನನಗೆ ಈ 84 ಬಹಳ ಇಷ್ಟ, ಇಡೀ ಅಕ್ಷರವನ್ನು ಉಳಿಸಿದ್ದು ಅದೇ.

ಇನ್ನೂ ಕಷ್ಟದ್ದು ಸಣ್ಣ 'ಎಮ್'. ಮೂರು ಕಾಲನ್ನೂ 106 ಮಾಡಿದರೆ 318 ಯೂನಿಟ್ ಬರೀ ಮಸಿಗೇ ಹೋಗುತ್ತದೆ. ಅದಕ್ಕೇ ವಿನ್ಯಾಸಕಾರರು ಈ ಒಂದು ಅಕ್ಷರದ ಕಾಲುಗಳನ್ನು ಗುಟ್ಟಾಗಿ ತೆಳ್ಳಗೆ ಮಾಡುತ್ತಾರೆ, ಕೆಲವು ಫಾಂಟುಗಳಲ್ಲಿ ನಡುವಿನ ಕಾಲನ್ನೇ ಮೊಟಕು ಮಾಡುತ್ತಾರೆ. 'ಐ'ನದು ಉಲ್ಟಾ ಸಮಸ್ಯೆ, ಸುತ್ತ ಜಾಸ್ತಿ ಖಾಲಿ ಜಾಗ, ಹಾಗಾಗಿ ಬುಡಕ್ಕೆ ಅಗಲವಾದ ಅಡ್ಡಪಟ್ಟಿ ಬೇಕು. ಸೊನ್ನೆಯನ್ನು 'ಓ'ದಿಂದ ಬೇರೆ ಮಾಡಲು ಒಳಗೆ ಹಾಕುವ ಚುಕ್ಕೆಯೂ ಬೋಲ್ಡ್‌ನಲ್ಲಿ ಇಕ್ಕಟ್ಟಿಗೆ ಸಿಗುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆ? ಕೋಡ್ ಬರೆಯುವಾಗ ಮುಖ್ಯ ಪದಗಳು ಬೋಲ್ಡ್ ಆದರೂ ಕೆಳಗಿನ ಸಾಲಿನ ಜೋಡಣೆ ಒಂದು ಕೂದಲೆಳೆಯಷ್ಟೂ ಕದಲಬಾರದು. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯ ಪಟ್ಟಿಗಳಿಗೂ ಅಂಕಿಗಳ ಕಾಲಂಗಳಿಗೂ ಇದೇ ಅಗತ್ಯ. ಚಿತ್ರಕಥೆ ಬರೆಯುವವರು 12 ಪಾಯಿಂಟ್ ಕೊರಿಯರ್‌ನ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅಂತ ಲೆಕ್ಕ ಹಾಕುತ್ತಾರೆ. ದೃಶ್ಯದ ಶೀರ್ಷಿಕೆ ಬೋಲ್ಡ್ ಮಾಡಿದರೂ ಸಾಲು ಉದ್ದವಾಗದ ಕಾರಣ ಆ ಲೆಕ್ಕ ಕೆಡುವುದಿಲ್ಲ.

ಒಂದು ಎಚ್ಚರಿಕೆ. ಫಾಂಟಿಗೆ ನಿಜವಾದ ಬೋಲ್ಡ್ ಇಲ್ಲದಿದ್ದರೆ ಎಷ್ಟೋ ಪ್ರೋಗ್ರಾಂಗಳು ರೆಗ್ಯುಲರ್ ಅಕ್ಷರವನ್ನೇ ಸುಮ್ನೆ ಉಬ್ಬಿಸಿ ತೋರಿಸುತ್ತವೆ. ಸಣ್ಣ ಗಾತ್ರದಲ್ಲಿ 'ಎಮ್' ಮತ್ತು 8 ಟೈಪ್ ಮಾಡಿ ನೋಡಿ, ಒಳಗಿನ ಜಾಗ ಕಟ್ಟಿಕೊಂಡಿದ್ದರೆ ಬೇರೆ ಫಾಂಟ್ ಹುಡುಕಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣುವುದರಿಂದ ಅಲ್ಲಿ ಬೋಲ್ಡ್‌ಗಿಂತ ಸ್ವಲ್ಪ ತೆಳ್ಳಗಿನ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು.